ಹೋಲ್ಡಾನ್ ಅಂದವರಿಗೆ, ರೈಟ್ ಅಂದವರಿಗೆ

ನನ್ನ 50ನೆಯ ಹುಟ್ಟುಹಬ್ಬಕ್ಕೆ ನಾನೇ ಕರೆದ ಓಟದಲ್ಲಿ ಕಟ್ಟಕಡೆಗೆ ಬಂದವಳು ನಾನೇ. ಲಾಲ್‌ಬಾಗ್ ಮುಟ್ಟುವ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ಮನೆ ಸೇರಿ ಸ್ನಾನವನ್ನೂ ಮುಗಿಸಿದ್ದಿರಿ. ಅವತ್ತು ಎದುರಾ ಎದುರು ನಿಂತು ಹೇಳಬೇಕಾಗಿದ್ದನ್ನು ಈಗ ಬರೀತಿದ್ದೀನಿ. ಒಂದು ವಾರ ತಡವಾಯಿತು, ಬೇಜಾರು ಮಾಡ್ಕೋಬೇಡಿ. ಮೊದಲ ಮೂರು ದಿನ ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿಯೋದರಲ್ಲೇ ಕಳೀತು.

ಎಷ್ಟು ವಯಸ್ಸೋ ಅಷ್ಟು ಕಿಲೋಮೀಟರ್ ಅಂತ ಓಡುವವರಲ್ಲಿ ಒಂದು ರೂಢಿ ಇದೆ. ಆ ಲೆಕ್ಕದಲ್ಲಿ ನಾನು 50 ಓಡಬೇಕಿತ್ತು. ಮ್ಯಾರಥಾನ್ನೇ 42.195, ಅದನ್ನೂ ದಾಟಿ ಇನ್ನೊಂದು ಎಂಟು. ಓಡಬಹುದಿತ್ತೇನೋ, 51ಕ್ಕೆ ಮಂಡಿ ಉಳೀತಿರಲಿಲ್ಲ. ಎರಡು ವರ್ಷದ ಹಿಂದೆ ಫುಟ್‌ಪಾತಿನಲ್ಲಿ ಚಪ್ಪಡಿ ಇಲ್ಲದ ಕಡೆ ಕಾಲಿಟ್ಟು ಪಾದದ ಗಂಟಿನ ಹತ್ತಿರ ಮೂಳೆ ಮುರಿದುಕೊಂಡವಳು ನಾನು. ಮೊದಲು ನೋಡಿದ ಡಾಕ್ಟರು ಕತ್ತೂ ಎತ್ತದೆ, ‘ಈ ವಯಸ್ಸಲ್ಲಿ ಓಟ ಗೀಟ ಯಾಕಮ್ಮಾ, ಬಿಟ್ಬಿಡಿ’ ಅಂದಿದ್ದರು. ಅವರಿಗೆ ಈ ಬರಹದಲ್ಲಿ ಜಾಗ ಇಲ್ಲ. ಜಾಗ ಇರೋದು ನಮ್ಮ ಬೀದಿಯ ಫಿಸಿಯೋಥೆರಪಿ ಹುಡುಗಿಗೆ. ಕುಕ್ಕರ್ ಮೂರು ಸೀಟಿ ಹಾಕುವ ತನಕ ಒಂಟಿ ಕಾಲಲ್ಲಿ ನಿಂತಿರಿ ಆಂಟಿ ಅಂತ ಹೇಳಿಕೊಟ್ಟವಳು ಅವಳು. ಮೊದಲ ವಾರ ಒಂದು ಸೀಟಿಗೇ ಗೋಡೆ ಹಿಡೀತಿದ್ದೆ. ಏಳು ತಿಂಗಳಾದ ಮೇಲೆ ಬೇಳೆ ಬೆಂದರೂ ಕಾಲು ಕೆಳಗಿಡದ ಹಾಗಾಯಿತು. ಮಗೂ, ನಿನಗೆ ಮೊದಲ ನಮಸ್ಕಾರ.

ಹಾಗಾಗಿ 50ರ ಹುಚ್ಚು ಬಿಟ್ಟು ಕೆಂಪೇಗೌಡರ ನಾಲ್ಕು ಗಡಿಗೋಪುರ ಮುಟ್ಟಿ ಬರೋಣ ಅಂದುಕೊಂಡೆ. ಕೆಂಪಾಂಬುಧಿ ಕೆರೆ, ಮೇಖ್ರಿ ಸರ್ಕಲ್, ಹಲಸೂರು ಕೆರೆ, ಲಾಲ್‌ಬಾಗ್. ಊರು ಇಲ್ಲಿಯ ತನಕ ಬೆಳೆಯುತ್ತೆ ಅಂತ ಹಿಂದಿನವರು ನಿಲ್ಲಿಸಿದ ಗುರುತುಗಳು. ಈಗ ನಾಲ್ಕೂ ಊರ ನಡುಮಧ್ಯೆ ಇವೆ. ಸ್ಯಾಂಕಿ ಕೆರೆಗೆ ಒಂದು ಸುತ್ತು, ದೊಡ್ಡಮ್ಮನ ಮನೆ, ಕಬ್ಬನ್ ಪಾರ್ಕು ಎಲ್ಲ ಸೇರಿ ನಮ್ಮ ದಾರಿ 32 ಕಿಲೋಮೀಟರ್ ಆಯಿತು. ಲಾಲ್‌ಬಾಗ್ ಗೇಟು ತೆಗೆಯೋದು ಆರಕ್ಕೆ, ಆದ್ದರಿಂದ ಅದನ್ನು ಕೊನೆಗಿಟ್ಟೆ. ಫೀಸಿಲ್ಲ, ಟೀ ಶರ್ಟಿಲ್ಲ, ಮೆಡಲ್ಲಿಲ್ಲ. ಎಲ್ಲಿ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳೀರಿ. ಲೋಟ ಮಾತ್ರ ನಿಮ್ಮದೇ ತನ್ನಿ, ಪೇಪರ್ ಕಪ್ಪು ಕೊಡಲ್ಲ ಅಂದಿದ್ದೆ. ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದರೆ, ಬೆಳಗಿನ ಜಾವ ನಾಲ್ಕೂವರೆಗೆ ದೊಡ್ಡ ಬಸವಣ್ಣನ ಗುಡಿಯ ಮುಂದೆ 23 ಜನ ನಿಂತಿದ್ದಿರಿ. ಮಧ್ಯೆ ಹತ್ತಿ ಇಳಿದವರೆಲ್ಲ ಸೇರಿ 41. ಪೂರ್ತಿ ದಾರಿ ಓಡಿದವರು 11.

ಆ ಲೆಕ್ಕ ನನ್ನದಲ್ಲ, ಕಂಡಕ್ಟರ್ ಅಂಕಲ್‌ದು. 31 ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ಕೊನೆಯವರನ್ನು ಒಂಟಿ ಬಿಡಬಾರದು, ಯಾರಾದರೂ ಹಿಂದೆ ಇರಬೇಕು ಅಂದಾಗ, ‘ಹಿಂದಿನ ಬಾಗಿಲು ನಂದು, ಬಿಡಮ್ಮಾ’ ಅಂದರು. ಸಿಗ್ನಲ್ಲಿಗೆ ಸಿಗ್ನಲ್ಲಿಗೆ ತಲೆ ಎಣಿಸಿದರು. ಯಾರಾದರೂ ಹಿಂದೆ ಬಿದ್ದರೆ ‘ಹೋಲ್ಡಾನ್!’, ಬಂದು ಸೇರಿದರೆ ‘ರೈಟ್, ರೈಟ್!’. ಮುಂದೆ ಹಾರುತ್ತಿದ್ದ ಐಟಿ ಹುಡುಗರೂ ಆ ಕೂಗಿಗೆ ಗಕ್ಕನೆ ನಿಲ್ಲುತ್ತಿದ್ದರು. ಶಿಳ್ಳೆ, ವಾಚು, ಆ್ಯಪು ಯಾವುದಕ್ಕೂ ನಿಲ್ಲದ ಜನ ಇವರು.

ನಾವು ಓಡಿದ್ದು ಭಾನುವಾರ. ಮಾರನೆಯ ದಿನ ಕಾರ್ತಿಕದ ಕಡೆಯ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ರಾಶಿ ಹಾಕಿ, ಟಾರ್ಪಾಲು ಹೊದಿಸಿ, ಮೂಟೆಗೆ ಒರಗಿ ವ್ಯಾಪಾರದವರು ಮಲಗಿದ್ದರು. ನಮ್ಮ ಕಾಲಡಿ ಸಿಪ್ಪೆ ಪಟಪಟ ಅಂದಿದ್ದಕ್ಕೆ ಒಬ್ಬ ಅಜ್ಜಿ ಎದ್ದು ಕೂತು, ‘ಯಾರನ್ನ ಅಟ್ಟಿಸ್ಕೊಂಡು ಹೋಗ್ತಿದೀರ್ರೋ?’ ಅಂತ ಕೇಳಿದರು. ಹುಟ್ಟುಹಬ್ಬ ಅಜ್ಜೀ ಅಂದೆ. ನನ್ನನ್ನೇ ಎರಡು ಸಲ ನೋಡಿ, ಸೇರು ಅದ್ದಿ, ಹುರಿದ ಕಾಯಿ ನಮ್ಮ ಚೀಲಕ್ಕೆ ಸುರಿದರು. ದುಡ್ಡು ತಗೊಳ್ಳಲಿಲ್ಲ. ‘ಬೋಣಿ ಆಗೋಕೆ ಮುಂಚೆ ಕೊಟ್ಟಿದ್ದು ಬಸವಣ್ಣನ ಲೆಕ್ಕ’ ಅಂದರು. ಪರಿಷೆ ಮುಗಿಯೋ ಮುಂಚೆ ಹುಡುಕಿಕೊಂಡು ಹೋಗಿದ್ದೆ, ಆ ಜಾಗದಲ್ಲಿ ಬೇರೆ ಯಾರೋ ಇದ್ದರು.

ಚಾಮರಾಜಪೇಟೆಯ ನಾಯಿಗಳ ಬಗ್ಗೆ ಹೆಚ್ಚು ಬರೆಯಲ್ಲ. ಜೇಬಿನ ತುಂಬ ಪಾರ್ಲೆ ಬಿಸ್ಕತ್ತು ತಂದಿದ್ದ ತಮ್ಮನಿಗೆ ನಾವು 23 ಜನವೂ ಋಣಿ.

ಇಂಥ ಓಟ ಕರೆಯುವವರು ನೀರಿನ ಚಿಂತೆ ಮಾಡ್ತಾರೆ, ಬಾಳೆಹಣ್ಣಿನ ಚಿಂತೆ ಮಾಡ್ತಾರೆ. ಹೆಂಗಸರ ಚಿಂತೆಯೇ ಬೇರೆ. ಬೆಳಗಿನ ಜಾವ ಐದೂವರೆಗೆ ಈ ಊರಿನಲ್ಲಿ ನಮಗೆ ಟಾಯ್ಲೆಟ್ ಎಲ್ಲಿದೆ? ಇದಕ್ಕೆ ಹೆದರಿ ನೀರೇ ಕುಡಿಯದೆ ಓಡುವವರನ್ನು ನೋಡಿದ್ದೀನಿ, ನಾನೂ ಓಡಿದ್ದೀನಿ. ಈ ಸಲ ಮಲ್ಲೇಶ್ವರದ ದೊಡ್ಡಮ್ಮನಿಗೆ ಫೋನ್ ಮಾಡಿ, ನಾವೊಂದಿಷ್ಟು ಜನ ಬಚ್ಚಲಮನೆಗೆ ಬರ್ತೀವಿ ಅಂದಿದ್ದೆ. ಅವರಿಗೆ 78 ವರ್ಷ. ಬಾಗಿಲಿಂದ ಬಚ್ಚಲ ತನಕ ಹಳೆಯ ದಿನಪತ್ರಿಕೆ ಹಾಸಿದ್ದರು. ‘ನೀರು ಕಾದಿದೆ, ಒಬ್ಬೊಬ್ಬರೇ ಸ್ನಾನ ಮಾಡ್ಕೊಳ್ಳಿ’ ಅಂದಾಗ ಗೊತ್ತಾಯಿತು, ‘ಬಚ್ಚಲಮನೆಗೆ’ ಅಂದದ್ದನ್ನು ಅವರು ಸ್ನಾನಕ್ಕೆ ಅಂತ ತಿಳಿದು ನಾಲ್ಕು ಗಂಟೆಗೇ ಎದ್ದು ಹಂಡೆಗೆ ಉರಿ ಹಾಕಿದ್ದರು. ಇನ್ನೂ ಇಪ್ಪತ್ತು ಕಿಲೋಮೀಟರ್ ಇದೆ ದೊಡ್ಡಮ್ಮಾ ಅಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಸರಿ, ಬರಿಗೈಲಿ ಹೋಗಬಾರದು ಅಂತ ಒಬ್ಬೊಬ್ಬರಿಗೂ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಸ್ಯಾಂಕಿ ಕೆರೆ ಸುತ್ತೋ ಹೊತ್ತಿಗೆ ಬೆವರಿಗೆ ಕುಂಕುಮ ಇಳಿದು ಎಲ್ಲರ ಮೂಗಿನ ಮೇಲೂ ಕೆಂಪು ಗೆರೆ. ಎದುರು ವಾಕಿಂಗ್ ಬರ್ತಿದ್ದ ಹಿರಿಯರೊಬ್ಬರು ಗಾಬರಿಯಾಗಿ, ‘ಏನಮ್ಮಾ, ಬಿದ್ರಾ?’ ಅಂತ ಕೇಳಿದರು.

ಮೇಖ್ರಿ ಸರ್ಕಲ್ಲಿನಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳ ಹೊಳೆಯನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ನಮ್ಮನ್ನು ದಾಟಿಸಿದ ಟ್ರಾಫಿಕ್ ಪೊಲೀಸಣ್ಣನಿಗೆ ನಮಸ್ಕಾರ. ಜಯಮಹಲ್ ರಸ್ತೆಯಲ್ಲಿ ಗುಡಿಸ್ತಿದ್ದ ಪೌರಕಾರ್ಮಿಕ ಅಕ್ಕನಿಗೂ. ನಮಗೆ ದಾರಿ ಬಿಟ್ಟು, ಪೊರಕೆ ಊರಿ ನಿಂತು ಕೇಳಿದರು:

‘ಪ್ರೈಜು ಎಷ್ಟು?’

‘ಏನೂ ಇಲ್ಲಕ್ಕಾ.’

‘ಮತ್ತೆ?’

ಆ ‘ಮತ್ತೆ?’ಗೆ ಇನ್ನೂ ಉತ್ತರ ಹುಡುಕ್ತಿದ್ದೀನಿ.

ಹಲಸೂರಿನ ಗೋಪುರ ಸೇನೆಯವರ ಆವರಣದ ಒಳಗಿದೆ, ಮುಟ್ಟೋ ಮಾತೇ ಇಲ್ಲ. ಕೆರೆ ಪಕ್ಕದಿಂದಲೇ ಆ ದಿಕ್ಕಿಗೆ ಕೈ ಮುಗಿದು ಹೊರಟೆವು. ಅಲ್ಲಿಂದ ಕಬ್ಬನ್ ಪಾರ್ಕಿಗೆ ಬರೋಷ್ಟರಲ್ಲಿ ನನ್ನ ಎಡ ಮೀನಖಂಡ ಕಲ್ಲಾಯಿತು. ಕಾಲು ಮಡಚಲು ಬರಲ್ಲ, ಊರಲು ಬರಲ್ಲ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡಲ್ಲ. ಹಾಗಾಗಿ ನಡುರಸ್ತೆಯಲ್ಲೇ ಅಂಗಾತ ಮಲಗಿದೆ. ನೆತ್ತಿ ಮೇಲೆ ಬಿದಿರ ಮೆಳೆ, ಕಾಲ ಬಳಿ ಕಂಡಕ್ಟರ್ ಅಂಕಲ್. ‘ಬ್ರೇಕ್‌ಡೌನು. ಎಲ್ಲ ಹೋಲ್ಡಾನ್.’

ಇಲ್ಲಿ ನಮ್ಮ ಮನೆಯವರ ವಿಷಯ ಹೇಳಲೇಬೇಕು. ಜನ್ಮದಲ್ಲಿ ಬಸ್ಸು ಹಿಡಿಯೋಕೂ ಓಡಿದವರಲ್ಲ. ನಸುಕಿನಿಂದ ಸ್ಕೂಟರಿನಲ್ಲಿ ನೀರಿನ ಕ್ಯಾನು, ನಿಂಬೆಹಣ್ಣು, ಬೆಲ್ಲ, ಕಿತ್ತಳೆ, ನಿಮ್ಮ ಲೋಟಗಳ ಚೀಲ ಹೇರಿಕೊಂಡು ನಮಗಿಂತ ಮುಂದೆ ಮುಂದೆ ಹೋಗಿ ಕಾಯ್ತಿದ್ದರು. ಸ್ಕೂಟರನ್ನು ಪಾರ್ಕಿನ ಗೇಟಿನ ಹೊರಗೆ ನಿಲ್ಲಿಸಿ ಕ್ಯಾನು ಹೊತ್ತುಕೊಂಡು ಓಡಿ ಬಂದರು. ಹೌದು, ಓಡಿ. 25 ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು, ಅದೂ ಮಲಗಿಕೊಂಡು. ಗಡಿಬಿಡಿಯಲ್ಲಿ ಬೆಲ್ಲದ ಬದಲು ಎರಡು ಸಲ ಉಪ್ಪನ್ನೇ ಹಾಕಿ ಕಲಸಿದ್ದರು. ಒಂದು ಗುಟುಕಿಗೆ ಕಣ್ಣಲ್ಲಿ ನೀರು ಬಂತು. ಆದರೆ ಗಂಟೆಗಟ್ಟಲೆ ಬೆವರಿದ ಮೈಯಿಂದ ಉಪ್ಪೂ ಹೋಗಿರುತ್ತೆ, ಬರೀ ನೀರು ಸುರೀತಾ ಹೋದರೆ ರಕ್ತದಲ್ಲಿ ಉಳಿದಿದ್ದ ಉಪ್ಪೂ ತೆಳುವಾಗುತ್ತೆ. ನಾನು ಅವತ್ತು ಮಾಡಿದ್ದ ತಪ್ಪು ಅದೇ, ಬರೀ ನೀರು. ಆ ಉಪ್ಪಿನಕಾಯಿ ಪಾನಕಕ್ಕೋ, ಕಂಡಕ್ಟರ್ ಅಂಕಲ್ ಹೆಬ್ಬೆರಳು ಹಿಡಿದು ಪಾದವನ್ನು ಹಿಂದಕ್ಕೆ ಒತ್ತಿದ್ದಕ್ಕೋ, ಹತ್ತು ನಿಮಿಷಕ್ಕೆ ಎದ್ದು ನಿಂತೆ. ಆಮೇಲೆ ಓಟವಲ್ಲ, ಕುಂಟು. ನನ್ನ ಜೊತೆ ಕುಂಟೋಕೆ ಅಂತಲೇ ನಾಲ್ಕು ಜನ ಉಳಿದುಕೊಂಡಿರಿ. ಅವರಲ್ಲೊಬ್ಬಳು ಹತ್ತು ಕಿಲೋಮೀಟರಿಗಿಂತ ಹೆಚ್ಚು ಯಾವತ್ತೂ ಓಡಿರದ ಹುಡುಗಿ. ಮುಂದಿನವರ ಜೊತೆ ಆರಾಮಾಗಿ ಮುಗಿಸಬಹುದಿತ್ತು. ‘ನನಗೂ ಸುಸ್ತಾಗಿದೆ ಆಂಟಿ’ ಅಂದಳು. ಸುಳ್ಳು. ಮಾತಾಡುವಾಗ ಉಸಿರು ಕೂಡ ಕಟ್ಟುತ್ತಿರಲಿಲ್ಲ.

ಲಾಲ್‌ಬಾಗ್ ಗೇಟಿಗೆ ಬಂದಾಗ ಒಂಬತ್ತೂ ಇಪ್ಪತ್ತು. ಒಂಬತ್ತರ ತನಕ ಪುಕ್ಕಟೆ, ಆಮೇಲೆ ಟಿಕೆಟ್. ಮುಂದೆ ಹೋದವರೆಲ್ಲ ಪುಕ್ಕಟೆ ಒಳಗೆ ಹೋಗಿ ಬಂಡೆ ಮೇಲಿದ್ದಿರಿ. ನಾನು ಸೊಂಟದ ಚೀಲ ತಡಕುವಷ್ಟರಲ್ಲಿ ಅಂಕಲ್ ಕೌಂಟರಿನ ಮುಂದೆ ನಿಂತಿದ್ದರು. ‘ಜೀವನ ಪೂರ್ತಿ ಕೊಟ್ಟಿದ್ದೀನಮ್ಮಾ, ಒಂದು ಸಲ ತಗೋತೀನಿ ಬಿಡು’ ಅಂತ ಎಲ್ಲರಿಗೂ ಟಿಕೆಟ್ ತಂದರು. ನನ್ನದನ್ನು ಕೊಡುವ ಮುಂಚೆ ಅಭ್ಯಾಸಬಲದಿಂದ ಮೂಲೆ ಸ್ವಲ್ಪ ಹರಿದರು. ಅದು ಫ್ರಿಜ್ಜಿನ ಮೇಲೆ ಅಂಟಿಸಿದೆ.

ಮುನ್ನೂರು ಕೋಟಿ ವರ್ಷದ ಬಂಡೆ ಅದು. ಅದರ ಮೇಲೆ ಗೋಪುರದ ನೆರಳಲ್ಲಿ ಕೂತು ಅಜ್ಜಿ ಕೊಟ್ಟ ಕಡಲೆಕಾಯಿ ಸುಲಿದೆವು. ಸಿಪ್ಪೆಯನ್ನು ಚೀಲಕ್ಕೇ ತುಂಬಿಕೊಂಡೆವು. ಇಡ್ಲಿಗೆ ಮುಂಗಡ ಕೊಟ್ಟಿದ್ದ ಕಡೆಯವರು ಕೈಕೊಟ್ಟಿದ್ದರು. ವಿಷಯ ತಿಳಿದ ಅರ್ಧ ಗಂಟೆಗೆ ಪಕ್ಕದ ಮನೆಯವರು ನಮ್ಮ ಮನೆಯ ಕೀಲಿ ತೆಗೆಸಿ, ನಮ್ಮದೇ ರವೆಯಲ್ಲಿ 25 ಜನಕ್ಕೆ ಉಪ್ಪಿಟ್ಟು ಕೆದಕಿಟ್ಟಿದ್ದರು. ಮನೆ ತನಕ ಬಂದವರು ಉಂಡಿರಿ, ಬಾರದವರಿಗೆ ಒಂದು ಉಪ್ಪಿಟ್ಟು ಬಾಕಿ ಇದೆ.

ಕೊನೆಗೊಂದು ವಿಷಯ. ದೊಡ್ಡಮ್ಮನ ಮನೆಯಲ್ಲಿ ಯಾರೋ ಒಂದು ಸ್ಟೀಲ್ ಲೋಟ ಬಿಟ್ಟು ಬಂದಿದ್ದೀರಿ. ಅಡಿಯಲ್ಲಿ ‘ವಿ, 12-6-88’ ಅಂತ ಕೆತ್ತಿದೆ, ಯಾರದೋ ಮದುವೆ ಉಡುಗೊರೆ ಇರಬೇಕು. ದೊಡ್ಡಮ್ಮ ನಿನ್ನೆಯಿಂದ ಅದರಲ್ಲೇ ಕಾಫಿ ಕುಡೀತಿದ್ದಾರೆ, ಹಿಡಿಯೋಕೆ ಚೆನ್ನಾಗಿದೆಯಂತೆ. ಬೇಗ ಹೋಗಿ ತಗೊಳ್ಳಿ.