ಒಂಟಿ ಚಕ್ರದ ಸೈಕಲ್‌ಗೆ ಸಸ್ಪೆನ್ಷನ್ ಯಾಕೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಒಂಟಿ ಚಕ್ರದ ಸೈಕಲ್, ಅಂದರೆ ಯುನಿಸೈಕಲ್ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಪಕ್ಕದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲೇ ಸರ್ಕಸ್ ಶಾಲೆ ತೆರೆದಿದ್ದರು. ಹಾಗಾಗಿ ಈ ಸೈಕಲ್ ಅಂದರೆ ನಮ್ಮವರಿಗೆ ಇವತ್ತಿಗೂ ಸರ್ಕಸ್ಸೇ ನೆನಪಾಗುತ್ತದೆ. ಗುಡ್ಡ ಬೆಟ್ಟದಲ್ಲೂ ಇದನ್ನು ಓಡಿಸುತ್ತಾರೆ ಅಂತ ಬರೆದದ್ದು ಒಳ್ಳೆಯದಾಯಿತು. ಆದರೆ ಕೊನೆಗೆ, ಕಾಸರಗೋಡಿನ ರಸ್ತೆಗಳಿಗೆ ಸಸ್ಪೆನ್ಷನ್, ಅಂದರೆ ಹೊಂಡದ ಪೆಟ್ಟು ತಿನ್ನುವ ಸ್ಪ್ರಿಂಗ್, ಇರುವುದನ್ನೇ ಕೊಳ್ಳಬೇಕು ಅಂದಿದ್ದಾರಲ್ಲ, ಅದನ್ನು ಮಾತ್ರ ಒಪ್ಪಲಿಕ್ಕಾಗುವುದಿಲ್ಲ. ರಸ್ತೆಗಳ ಬಗ್ಗೆ ನನ್ನ ತಕರಾರಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ!

ಬೈಕ್ ಅಥವಾ ಗೇರ್ ಸೈಕಲ್‌ನಲ್ಲಿ ಪೆಡಲು, ಸೀಟು ಎಲ್ಲ ಫ್ರೇಮಿನ ಜೊತೆಗಿರುತ್ತವೆ. ಚಕ್ರ ಕಲ್ಲಿಗೆ ಹೊಡೆದರೆ ನಡುವಿನ ಶಾಕ್ ಅಬ್ಸಾರ್ಬರ್ ಪೆಟ್ಟು ತಿನ್ನುತ್ತದೆ. ಯುನಿಸೈಕಲ್‌ನಲ್ಲಿ ಸಾಮಾನ್ಯವಾಗಿ ಚೈನೇ ಇಲ್ಲ, ಪೆಡಲಿನ ಕ್ರ್ಯಾಂಕು, ಅಂದರೆ ಪೆಡಲು ಕೂರುವ ತೋಳು, ನೇರ ಚಕ್ರದ ನಡುವಿನ ಗುಂಬಕ್ಕೇ (ಹಬ್) ಕೂತಿದೆ. ಚಕ್ರ ಹಾರಿದರೆ ಪೆಡಲೂ ಹಾರುತ್ತದೆ, ಪಾದಕ್ಕೆ ಅಷ್ಟೇ ಪೆಟ್ಟು. ಸೀಟಿನ ಕೆಳಗೆ ಎಂಥ ಸ್ಪ್ರಿಂಗ್ ಹಾಕಿದರೂ ಅದು ಕಾಯುವುದು ನಾವು ಕೂತಿರುವ ಭಾಗವನ್ನು ಮಾತ್ರ. ತಮಾಷೆ ಅಂದರೆ ಹೊಂಡ ಜಾಸ್ತಿ ಇರುವ ಕಡೆ ಯಾರೂ ಪೂರ್ತಿ ಭಾರ ಬಿಟ್ಟು ಕೂರುವುದೇ ಇಲ್ಲ. ಪೆಡಲಿನ ಮೇಲೆ ಅರ್ಧ ಎದ್ದು ಮೊಣಕಾಲು ಸಡಿಲ ಬಿಡುತ್ತಾರೆ, ಅಲ್ವಾ?

ಇನ್ನೊಂದು ತೊಂದರೆ ಇದೆ. ಇದರಲ್ಲಿ ಪೆಡಲು ನಿಲ್ಲಿಸಿ ಸುಮ್ನೆ ಉರುಳುವ ಹಾಗಿಲ್ಲ. 24 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗುತ್ತದೆ, ಕಾಲೂ ಅದರ ಜೊತೆ ತಿರುಗುತ್ತಲೇ ಇರಬೇಕು, ಹೊಂಡ ಬರಲಿ ಬೇರು ಬರಲಿ. ಹಿಂದೆ ಮುಂದೆ ಬೀಳದ ಹಾಗೆ ನೋಡಿಕೊಳ್ಳುವುದೂ ಆ ಪೆಡಲಿನ ಒತ್ತಡವೇ. ಅಂಥದ್ದರಲ್ಲಿ ಸೀಟು ಕುಸಿದು ಎದ್ದು ಮಾಡಿದರೆ ಪ್ರತಿ ಸುತ್ತಿಗೂ ಮೊಣಕಾಲು ಮಡಚುವ ಅಳತೆ ಬದಲಾಗುತ್ತದೆ. ಸೀಟಿನ ಮುಂದಿನ ಹಿಡಿ ಹಿಡಿದು ಮೇಲಕ್ಕೆ ಜಿಗಿಯಲು ಹೋದರೆ ಮೊದಲು ಸ್ಪ್ರಿಂಗ್ ಹಿಗ್ಗುತ್ತದೆ, ಚಕ್ರ ತಡವಾಗಿ ಏಳುತ್ತದೆ.

ನಿಜವಾದ ಸಸ್ಪೆನ್ಷನ್ ಟಯರಿನಲ್ಲಿದೆ ಮಾರಾಯ್ರೆ. 3 ಇಂಚು ದಪ್ಪದ ಟಯರಿಗೆ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಗಾಳಿ ಹಾಕಿ, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವ ಹಾಗೆ. ಬಾಯಾರುಪದವಿನಂಥ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ನಡೆದವರಿಗೆ ಗೊತ್ತು, ನೆಲ ಚಪ್ಪಟೆ ಅಂತ ಕಂಡರೂ ಮುಷ್ಟಿ ಗಾತ್ರದ ಗುಳಿಗಳು, ಚೂಪು ಅಂಚುಗಳು. ಮುಳಿಹುಲ್ಲು ಬೆಳೆದ ಮೇಲಂತೂ ಅವು ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಮೆತ್ತಗಿನ ಟಯರು ಅಂಚನ್ನು ಒಳಗೆ ನುಂಗಿಕೊಂಡು ದಾಟುತ್ತದೆ. ಅಡಿಕೆ ತೋಟದಲ್ಲಿ ದಾರಿಗೆ ಅಡ್ಡ ಹಾಕಿದ ಸ್ಪ್ರಿಂಕ್ಲರ್ ಪೈಪೂ ಹಾಗೆಯೇ. ಗಾಳಿ ತೀರಾ ಕಡಿಮೆ ಮಾಡಬೇಡಿ, ತಿರುವಿನಲ್ಲಿ ಟಯರು ಮಗುಚುತ್ತದೆ. ದಪ್ಪ ಟಯರಿಗೆ ಇನ್ನೊಂದು ಕೆಟ್ಟ ಚಾಳಿಯೂ ಇದೆ, ಡಾಮರು ರಸ್ತೆಯ ಇಳಿಜಾರು ಅಂಚಿನಲ್ಲಿ ಒಂದೇ ಕಡೆಗೆ ಎಳೆಯುತ್ತದೆ. ಅದಕ್ಕೂ ಸ್ಪ್ರಿಂಗ್ ಮದ್ದಲ್ಲ.

ಕೆನಡಾದ ಕ್ರಿಸ್ ಹೋಮ್ ಬೆಟ್ಟದ ಯುನಿಸೈಕಲ್‌ಗೆ ಹೆಸರಾದವರು. ಅವರ ಹೆಸರಿನಲ್ಲಿ ಮಾರಾಟವಾಗುವ ಗಾಡಿಗಳೂ ಗಟ್ಟಿ ಫ್ರೇಮಿನವೇ.

ಹಾಗಂತ ಯಾರಿಗೂ ಬೇಡ ಅನ್ನುವುದಿಲ್ಲ. ಬೆನ್ನುನೋವು ಇರುವವರು 36 ಇಂಚಿನ ದೊಡ್ಡ ಚಕ್ರದಲ್ಲಿ ಕೂತೇ ದೂರ ಹೋಗುತ್ತಾರೆ ಅಂದರೆ ಸ್ಪ್ರಿಂಗ್ ಇರುವ ಸೀಟ್ ಕಂಬ ನೋಡಬಹುದು. ಅದಕ್ಕೂ ಮೊದಲು ಸೀಟಿನ ಕವರಿನೊಳಗೆ ಸಣ್ಣ ಟ್ಯೂಬು ಮಡಚಿಟ್ಟು ಗಾಳಿ ತುಂಬಿ ನೋಡಿ, ಅದು ಹಳಬರ ಉಪಾಯ. ಕರೆಂಟಿನ ಯುನಿಸೈಕಲ್ ಕಥೆ ಬೇರೆ. ಅದರಲ್ಲಿ ನಿಂತೇ ಹೋಗುವುದು, ಪಾದ ಇಡುವ ಹಲಗೆ ಚಕ್ರದ ಜೊತೆ ತಿರುಗುವುದಿಲ್ಲ, ಹಾಗಾಗಿ ಹಲಗೆಗೂ ಚಕ್ರಕ್ಕೂ ನಡುವೆ ಶಾಕ್ ಕೂರಿಸಬಹುದು. 2020ರ ಹೊತ್ತಿಗೆ ಇನ್‌ಮೋಷನ್, ಕಿಂಗ್‌ಸಾಂಗ್ ಕಂಪನಿಗಳು ಅಂಥವನ್ನು ತಂದವು, ಅಲ್ಲಿ ಅದು ಕೆಲಸಕ್ಕೆ ಬರುತ್ತದೆ. ನಿಮ್ಮ ಲೇಖಕರು ಎರಡನ್ನೂ ಬೆರೆಸಿದರೋ ಏನೋ.

ಈಗ ಕೊಳ್ಳಲು ಹೊರಟ ಹುಡುಗರು ಆ ಹಣದಲ್ಲಿ ಹೆಲ್ಮೆಟ್ಟು, ಮೊಣಕಾಲಿನ ಕೆಳಗೆ ಕಟ್ಟುವ ಗಾರ್ಡು ತಗೊಳ್ಳಿ, ಪೆಡಲಿನ ಮುಳ್ಳು ಮೊದಲು ಹೊಡೆಯುವುದು ಅಲ್ಲಿಗೇ. ಉಳಿದರೆ ಒಂದೆರಡು ದಪ್ಪ ಟ್ಯೂಬು ತರಿಸಿಟ್ಟುಕೊಳ್ಳಿ. ಪದವಿನ ಮುಳ್ಳಿಗೆ ಪಂಕ್ಚರ್ ಆದರೆ ಆ ಅಳತೆಯದ್ದು ನಮ್ಮ ಪೇಟೆಯ ಅಂಗಡಿಯಲ್ಲಿ ಸಿಗೋದಿಲ್ಲ.

ಒಬ್ಬ ಓದುಗ, ಪೆರ್ಲ