ಮನೆ ಕೊಟ್ಟಿರಿ, ಅದರಲ್ಲಿ ಇರುವವರನ್ನು ಕೇಳಲಿಲ್ಲ: ವಸತಿ ಪ್ರಾಧಿಕಾರಕ್ಕೆ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ವಸತಿ ಪ್ರಾಧಿಕಾರ

ಇವರಿಂದ,
ಮಾದರಿ ವಸತಿ ಸಮುಚ್ಚಯ, ಮೊದಲ ಹಂತದ ಎಲ್ಲಾ ಬ್ಲಾಕ್‌ಗಳ ನಿವಾಸಿಗಳು

ವಿಷಯ: ಛಾವಣಿಯ ಸೌರ ವಿದ್ಯುತ್ತನ್ನು ಮನೆಗಳಿಗೆ ಕೊಡುವುದು, ರಾತ್ರಿ ಹೊತ್ತು ಮೀಟರ್ ಕಡಿತ ನಿಲ್ಲಿಸುವುದು, ಮೇಲಿನ ಮಹಡಿಯ ಕಾವು, ಲಿಫ್ಟ್, ದೂರಿನ ಆ್ಯಪ್ ಹಾಗೂ ಎರಡನೇ ಹಂತದ ನಕ್ಷೆಯನ್ನು ನಮ್ಮನ್ನು ಕೇಳದೆ ಅಂತಿಮ ಮಾಡದಿರುವ ಬಗ್ಗೆ.

ಉಲ್ಲೇಖ: ನಮ್ಮ ಹಿಂದಿನ ಎಲ್ಲಾ ಪತ್ರಗಳು. ತಮ್ಮ ಕಡತದಲ್ಲಿ ಸಿಗದಿದ್ದರೆ ಹೇಳಿ, ಸ್ವೀಕೃತಿ ಮುದ್ರೆ ಬಿದ್ದ ಪ್ರತಿಗಳು ನಮ್ಮ ಹತ್ತಿರ ಭದ್ರವಾಗಿವೆ.

ಮಾನ್ಯರೇ,

ವಂದನೆಗಳು. ಸಮುಚ್ಚಯದ ಪರಿಚಯ ತಮಗೆ ಬೇಕಿಲ್ಲ. ಉದ್ಘಾಟನೆಗೆ ತಾವೇ ಬಂದಿದ್ದಿರಿ. ಆ ದಿನದ ಫೋಟೊ ನಿರ್ವಹಣಾ ಕಚೇರಿಯ ಗೋಡೆ ಮೇಲೆ ಇಂದಿಗೂ ಇದೆ. ಪಕ್ಕದಲ್ಲೇ ಈ ಯೋಜನೆಗೆ ಬಂದ ಪ್ರಶಸ್ತಿ ಪತ್ರವೂ ಇದೆ. ಪ್ರಶಸ್ತಿ ಕೊಟ್ಟವರು ಒಂದು ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಕೂತು ಹೋಗಿದ್ದರೆ ಚೆನ್ನಾಗಿತ್ತು.

ಮೊದಲು ಕರೆಂಟಿನ ವಿಚಾರ. ನಮ್ಮ ಛಾವಣಿ ತುಂಬಾ ಸೌರ ಫಲಕಗಳಿವೆ. ಜಾಲರಿ ಬಾಗಿಲಿಗೆ ಬೀಗ. ಒಳಗೆ ಫಲಕದ ಕರೆಂಟನ್ನು ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಕಾಣುತ್ತದೆ, ಅದರ ಪರದೆಗೆ ಅಂಟಿಸಿ ಬಂದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಕಿತ್ತಿಲ್ಲ. ಅದರಿಂದ ಹೊರಟ ತಂತಿ ಎಲ್ಲಿಗೆ ಹೋಗುತ್ತದೆ ಅಂತ ನಮ್ಮಲ್ಲೇ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಮಹಡಿ ಮಹಡಿ ಇಳಿದು ನೋಡಿದರು. ಮುಖ್ಯ ದ್ವಾರದ ಕಮಾನಿನ ದೀಪಗಳಿಗೆ ಮತ್ತು ನಿರ್ವಹಣಾ ಕಚೇರಿಯ ಏಸಿಗೆ ಹೋಗುತ್ತದೆ. ಉಳಿದದ್ದು ಗ್ರಿಡ್‌ಗೆ, ಅಂದರೆ ಊರಿಗೆಲ್ಲಾ ಕರೆಂಟ್ ಕೊಡುವ ಜಾಲಕ್ಕೆ, ಅದರ ಜಮೆ ಪ್ರಾಧಿಕಾರದ ಖಾತೆಗೆ. ನಮ್ಮ ತಲೆ ಮೇಲೆ ಬಿದ್ದ ಬಿಸಿಲಿನಲ್ಲಿ ನಮಗೆ ಬಂದ ಪಾಲು ಕಾವು ಮಾತ್ರ.

ಈ ಬಗ್ಗೆ ಬರೆದಾಗ ಮೊದಲು ಬಂದ ಉತ್ತರ: "ಪರಿಶೀಲನೆಯಲ್ಲಿದೆ." ಆಮೇಲೆ ಇದು ವಿದ್ಯುತ್ ವಿಭಾಗಕ್ಕೆ ಸೇರಿದ್ದು ಅಂದರು. ವಿದ್ಯುತ್ ವಿಭಾಗದವರು ಛಾವಣಿ ಕಟ್ಟಡ ವಿಭಾಗದ್ದು ಅಂದರು. ಕಟ್ಟಡ ವಿಭಾಗದವರು ಗುತ್ತಿಗೆದಾರರನ್ನು ಕೇಳಿ ಅಂದರು. ಗುತ್ತಿಗೆದಾರರು ಬಿಲ್ ಪಾಸಾಗಿಲ್ಲ ಅಂದರು. ಅಷ್ಟರಲ್ಲಿ ನಮ್ಮ ಕಡತ ನೋಡುತ್ತಿದ್ದ ಅಧಿಕಾರಿಗೆ ವರ್ಗಾವಣೆ ಆಯಿತು. ಹೊಸಬರು ಬಂದು "ಒಂದು ಅರ್ಜಿ ಕೊಡಿ, ನೋಡೋಣ" ಅಂದರು. ಕೊಟ್ಟೆವು. ಅವರಿಗೂ ವರ್ಗಾವಣೆ ಆಯಿತು. ನಮಗೆ ಮಾತ್ರ ಯಾರೂ ವರ್ಗಾವಣೆ ಕೊಡುತ್ತಿಲ್ಲ.

ಒಮ್ಮೆ ಒಬ್ಬ ಕಿರಿಯ ಎಂಜಿನಿಯರ್ ನಿಜವಾಗಿಯೂ ಬಂದು ನೋಡಿದರು. ಅವರಿಗೆ ನಮ್ಮ ಧನ್ಯವಾದ. ಲೈನ್ ಹೋದಾಗ ಫಲಕಗಳಿದ್ದೂ ಕತ್ತಲೆ ಯಾಕೆ ಅಂತ ವಿವರಿಸಿದ್ದು ಅವರೊಬ್ಬರೇ. ಗ್ರಿಡ್‌ಗೆ ಜೋಡಿಸಿದ ಮಾಮೂಲಿ ಇನ್ವರ್ಟರ್ ಲೈನ್ ಹೋದ ತಕ್ಷಣ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯುತ್ತದೆ. ಅದು ಸರಿಯಾದ ನಿಯಮವೇ. ಆದರೆ ಬ್ಯಾಟರಿ ಮತ್ತು ಲೈನ್ ಹೋದಾಗಲೂ ಓಡುವ ಹೈಬ್ರಿಡ್ ಇನ್ವರ್ಟರ್ ಇಟ್ಟರೆ ಕಟ್ಟಡವನ್ನು ಗ್ರಿಡ್‌ನಿಂದ ಬೇರೆ ಮಾಡಿ ಲಿಫ್ಟ್, ನೀರಿನ ಪಂಪು, ಮೆಟ್ಟಿಲ ದೀಪ ಓಡಿಸಬಹುದು. ಒಳ್ಳೆ ಬಿಸಿಲಿದ್ದರೆ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಒಂದು ಎಲ್‌ಇಡಿ ಬಲ್ಬಿಗೆ 10 ವ್ಯಾಟ್ ಸಾಕು. ಲೆಕ್ಕ ಹಾಕಲು ಸಮಿತಿ ಬೇಕಾ? ಆ ಎಂಜಿನಿಯರ್ ವರದಿ ಬರೆದು ಕೊಟ್ಟಿದ್ದಾರೆ. ವರದಿ ಎಲ್ಲಿದೆ ಅಂತ ಕೇಳಿದರೆ ತಮ್ಮ ಕಚೇರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹಂಚಿಕೊಳ್ಳುವುದು ಆಗದ ಮಾತು ಅನ್ನಬೇಡಿ. ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪವನ್ನು 1997ರಲ್ಲಿ ನವೀಕರಿಸಬಹುದಾದ ಇಂಧನದ ದ್ವೀಪ ಅಂತ ಆರಿಸಿದರು. ಅಲ್ಲಿನ ಗಾಳಿಯಂತ್ರಗಳಲ್ಲಿ ರೈತರಿಗೂ ಸಾಮಾನ್ಯ ನಿವಾಸಿಗಳಿಗೂ ಪಾಲಿದೆ. ಜರ್ಮನಿ 2017ರಲ್ಲಿ ಕಾನೂನು ಮಾಡಿ, ಛಾವಣಿಯ ಸೌರ ವಿದ್ಯುತ್ತನ್ನು ಅದೇ ಕಟ್ಟಡದ ಬಾಡಿಗೆದಾರರಿಗೆ ಕೊಡಲು ಪ್ರೋತ್ಸಾಹಧನ ಇಟ್ಟಿತು. ನಾವು ಸಬ್ಸಿಡಿ ಕೇಳುತ್ತಿಲ್ಲ. ತಂತಿಯನ್ನು ಕಮಾನಿನಿಂದ ಬಿಚ್ಚಿ ಮನೆಗಳ ಕಡೆ ಎಳೆಯಿರಿ ಅಂತ ಕೇಳುತ್ತಿದ್ದೇವೆ.

ಇನ್ನು ಆ ಪ್ರೀಪೇಯ್ಡ್ ಮೀಟರ್. ಹಣ ಮುಗಿದ ಕ್ಷಣಕ್ಕೆ ಕರೆಂಟ್ ಕಟ್. ಹಗಲೋ ರಾತ್ರಿಯೋ ಅದಕ್ಕೆ ಗೊತ್ತಾಗುವುದಿಲ್ಲ. ರೀಚಾರ್ಜ್ ಮಾಡಲು ಫೋನ್ ಬೇಕು. ಫೋನ್ ಚಾರ್ಜ್ ಮಾಡಲು ಕರೆಂಟ್ ಬೇಕು. ಇದನ್ನು ವಿನ್ಯಾಸ ಮಾಡಿದ ಪುಣ್ಯಾತ್ಮರ ಮನೆಯಲ್ಲಿ ಇದೇ ಮೀಟರ್ ಇದೆಯಾ ಅಂತ ತಿಳಿಯುವ ಕುತೂಹಲ ನಮಗಿದೆ. ನಮ್ಮ ಬ್ಲಾಕಿನ ಒಬ್ಬ ಹಿರಿಯರಿಗೆ ಉಸಿರಾಟದ ತೊಂದರೆ. ಆಮ್ಲಜನಕದ ಯಂತ್ರ ಕರೆಂಟಿನಲ್ಲೇ ಓಡಬೇಕು. ಒಂದು ರಾತ್ರಿ ಮೀಟರ್ ಕಟ್ ಆದಾಗ ಅವರ ಮಗಳು ಬಾಗಿಲು ಬಡಿದು ಎಲ್ಲರನ್ನೂ ಎಬ್ಬಿಸಿದರು. ಪಕ್ಕದ ಮನೆಯಿಂದ ಕಾರಿಡಾರಿನ ಉದ್ದಕ್ಕೂ ವೈರ್ ಎಳೆದು ಯಂತ್ರ ಓಡಿಸಿದೆವು. ಮರುದಿನ ತಮ್ಮ ಸಿಬ್ಬಂದಿ ಬಂದು ಅವರ ಆರೋಗ್ಯ ವಿಚಾರಿಸಲಿಲ್ಲ. ಅಕ್ರಮವಾಗಿ ವೈರ್ ಎಳೆದದ್ದಕ್ಕೆ ನೋಟಿಸ್ ಅಂಟಿಸಿ ಹೋದರು. ಇದಕ್ಕಿಂತ ನಾಚಿಕೆಗೇಡು ಬೇರೆ ಇದೆಯಾ, ಸ್ವಾಮಿ?

ಫ್ರಾನ್ಸಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬಿಲ್ ಬಾಕಿ ಇದೆ ಅಂತ ಮನೆಯ ಕರೆಂಟನ್ನು ಪೂರ್ತಿ ಕತ್ತರಿಸುವಂತಿಲ್ಲ. ಚಳಿಗೆ ಜನ ಸಾಯಬಾರದು ಅಂತ. ನಮ್ಮಲ್ಲೂ ಮೀಟರಿನ ಸಾಫ್ಟ್‌ವೇರಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕು. ಸಂಜೆಯಿಂದ ಬೆಳಗಿನವರೆಗೆ ಕಡಿತ ಬೇಡ. ಹಣ ಮುಗಿದರೂ ಒಂದು ದೀಪ, ಒಂದು ಫ್ಯಾನ್, ಒಂದು ಚಾರ್ಜರ್‌ಗೆ ಆಗುವಷ್ಟು ಬರಲಿ. ಕಾಯಿಲೆಯವರ ಮನೆಗೆ ಕಡಿತವೇ ಬೇಡ. ಕತ್ತರಿಸಲು ಬಂದ ತಂತ್ರಜ್ಞಾನಕ್ಕೆ ಕತ್ತರಿಸದೆ ಇರಲು ಬರುವುದಿಲ್ಲವೇ?

ಕಾವಿನ ವಿಚಾರ. ಪ್ರತಿ ಮನೆಯ ಗೋಡೆಗೂ ಒಂದು ಟಚ್ ಪರದೆ ಕೂರಿಸಿದ್ದೀರಿ. ಮೇಲಿನ ಮಹಡಿಯಲ್ಲಿ ಮಂಚ ಗೋಡೆಗೆ ತಾಗಿಸಿ ಇಡಲಾಗುವುದಿಲ್ಲ, ರಾತ್ರಿ ಹೊತ್ತು ಆ ಗೋಡೆಯನ್ನು ಮುಟ್ಟಿದರೆ ಅಂಗೈ ಬಿಸಿಯಾಗುತ್ತದೆ. ಪರದೆ ಮಾತ್ರ ಹಸಿರು ಬಣ್ಣದಲ್ಲಿ "ಒಳಾಂಗಣ ಹಿತಕರವಾಗಿದೆ" ಅಂತ ತೋರಿಸುತ್ತದೆ. ಕಾಂಕ್ರೀಟು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ. ಕಿಟಕಿ ಒಂದೇ ಗೋಡೆಯಲ್ಲಿದೆ, ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಎದುರು ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದರೆ ಆ ಪರದೆಯೇ ಬೇಕಿರಲಿಲ್ಲ.

ಸೆಕೆ ತಾನೇ ಅನ್ನಬೇಡಿ. 1995ರ ಜುಲೈಯಲ್ಲಿ ಷಿಕಾಗೊ ನಗರದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ತುಂಬಾ ಮಂದಿ ಒಂಟಿಯಾಗಿದ್ದ ವಯಸ್ಸಾದವರು. ಆಮೇಲೆ ನಡೆದ ಅಧ್ಯಯನದಲ್ಲಿ ಕಟ್ಟಡದ ತುದಿ ಮಹಡಿಯಲ್ಲಿ ಇದ್ದವರಿಗೆ ಅಪಾಯ ಜಾಸ್ತಿ ಇತ್ತು ಅಂತ ಕಂಡುಬಂತು. ಅಕ್ಕಪಕ್ಕದವರ ಒಡನಾಟ ಇದ್ದವರು ಬದುಕಿದ್ದು ಹೆಚ್ಚು. ನಮ್ಮಲ್ಲಿ ತುದಿ ಮಹಡಿಯನ್ನು ಕೊಟ್ಟದ್ದು ಯಾರಿಗೆ ಅಂತ ಹಂಚಿಕೆ ಪಟ್ಟಿ ತೆಗೆದು ನೋಡಿ. ಕಂಪ್ಯೂಟರ್ ಲಾಟರಿ ಅಂದಿರಿ. ವಯಸ್ಸು, ಕಾಯಿಲೆ, ಅಂಗವಿಕಲತೆ ಯಾವುದನ್ನೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಎಲ್ಲರನ್ನೂ ಒಂದೇ ಥರ ನೋಡಿದರೆ ನ್ಯಾಯ ಆಗಿಬಿಡುತ್ತದಾ?

ಸದ್ಯಕ್ಕೆ ಫಲಕ ಇಲ್ಲದ ಕಡೆ ಛಾವಣಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಿ. ಹೊಸ ಬಿಳಿ ಛಾವಣಿ ಬಿಸಿಲಿನ ಸುಮಾರು 80% ಭಾಗವನ್ನು ವಾಪಸ್ ಕಳಿಸುತ್ತದೆ. ಇದಕ್ಕೆ ಟೆಂಡರ್ ಕರೆದಿದ್ದೇವೆ ಅಂತ ತಾವೇ ಬರೆದಿದ್ದಿರಿ. ಬಣ್ಣ ಬಂತು. ಕಾಂಪೌಂಡ್ ಗೋಡೆಗೆ ಹೊಡೆದು ಹೋದರು.

ಲಿಫ್ಟ್ ಕರೆಂಟ್ ಉಳಿಸಲು ಒಂದು ಮಹಡಿ ಬಿಟ್ಟು ಒಂದರಲ್ಲಿ ನಿಲ್ಲುತ್ತದೆ. ಇದು ತಮ್ಮ ಹೊಸ ಶೋಧ ಅಲ್ಲ. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಪ್ರುಯಿಟ್ ಐಗೊ ಅಂತ 11 ಮಹಡಿಯ 33 ಕಟ್ಟಡಗಳನ್ನು 1950ರ ದಶಕದಲ್ಲಿ ಬಡವರಿಗಾಗಿ ಕಟ್ಟಿದರು. ಅಲ್ಲಿ ಲಿಫ್ಟ್ 1, 4, 7, 10ನೇ ಮಹಡಿಗಳಲ್ಲಿ ಮಾತ್ರ ನಿಲ್ಲುತ್ತಿತ್ತು. ಜನ ಓಡಾಡಲು ಹೆದರುವ ಮೆಟ್ಟಿಲುಗಳು, ಕೆಟ್ಟು ನಿಂತ ಲಿಫ್ಟುಗಳು. ಅದು ಹಾಳಾಗಲು ವಿನ್ಯಾಸ ಒಂದೇ ಕಾರಣ ಅನ್ನುವುದಿಲ್ಲ. ನಿರ್ವಹಣೆಯ ಖರ್ಚನ್ನು ಬಡ ಬಾಡಿಗೆದಾರರ ಬಾಡಿಗೆಯಿಂದಲೇ ತೆಗೆಯಬೇಕಿತ್ತು, ಜನ ಖಾಲಿ ಮಾಡಿದಂತೆ ಬಾಡಿಗೆ ಇಳಿಯಿತು, ರಿಪೇರಿ ನಿಂತಿತು. 1972ರಲ್ಲಿ ಕೆಡವಲು ಶುರು ಮಾಡಿದರು. ನಮ್ಮ ನಿರ್ವಹಣಾ ಶುಲ್ಕದ ಲೆಕ್ಕವನ್ನು ಕೇಳುತ್ತಲೇ ಇದ್ದೇವೆ. ಅದೂ ಪರಿಶೀಲನೆಯಲ್ಲಿದೆ ಅಂತೆ.

ಬಗೆಹರಿಯದೆ ಉಳಿದವು ಇನ್ನೂ ಇವೆ. ಗಾಲಿಕುರ್ಚಿಗೆ ಮಾಡಿದ ಇಳಿಜಾರಿನ ಕೊನೆಯಲ್ಲಿ ಒಂದು ಮೆಟ್ಟಿಲಿದೆ. ಸೆನ್ಸರ್ ಬೀದಿದೀಪ ಜನ ದಾಟಿ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಯಾರ ಹತ್ತಿರವೂ ಎಲೆಕ್ಟ್ರಿಕ್ ಕಾರಿಲ್ಲ, ಚಾರ್ಜಿಂಗ್ ಕಂಬಗಳು ಸಾಲಾಗಿ ನಿಂತಿವೆ. ಮಕ್ಕಳು ಆಡುವ ಜಾಗಕ್ಕೆ ಮೂರು ಕ್ಯಾಮೆರಾ, ಒಂದು ಜಾರುಬಂಡಿಯೂ ಇಲ್ಲ. ಚರಂಡಿಯ ಬಗ್ಗೆ ಬೇರೆ ಪತ್ರ ಬರೆಯುತ್ತೇವೆ, ಇಲ್ಲಿ ಬರೆದರೆ ಈ ಪತ್ರವೂ ನಾರುತ್ತದೆ.

ಇಷ್ಟನ್ನೂ ಹೇಳಿಕೊಳ್ಳಲು ತಾವು ಕೊಟ್ಟದ್ದು ಒಂದು ಆ್ಯಪ್. ದೂರು ಹಾಕಿದರೆ ಸ್ವಲ್ಪ ಹೊತ್ತಿಗೇ "ನಿಮ್ಮ ದೂರು ಪರಿಹಾರವಾಗಿದೆ, ಐದು ನಕ್ಷತ್ರ ಕೊಡಿ" ಅಂತ ಬರುತ್ತದೆ. ಯಾರೂ ಬಂದಿರುವುದಿಲ್ಲ. ಮತ್ತೆ ಹಾಕಿದರೆ "ಇದೇ ದೂರು ಈಗಾಗಲೇ ಮುಗಿದಿದೆ" ಅನ್ನುತ್ತದೆ. ಕಚೇರಿಗೆ ಹೋದರೆ ಆ್ಯಪಿನಲ್ಲೇ ಹಾಕಿ ಅನ್ನುತ್ತಾರೆ. ಸಭೆಯಲ್ಲಿ ತಾವು ತೋರಿಸಿದ "98 ಪ್ರತಿಶತ ಪರಿಹಾರ" ಹುಟ್ಟಿದ್ದು ಹೀಗೆ. ಯಾರ ಕಣ್ಣಿಗೆ ಮಣ್ಣೆರಚಲು ಆ ಚಾರ್ಟು?

ಯಂತ್ರದ ಮಾತನ್ನೇ ನಂಬಿ ಜನರ ಮಾತನ್ನು ತಳ್ಳಿಹಾಕಿದರೆ ಏನಾಗುತ್ತದೆ ಅಂತ ನೆದರ್‌ಲ್ಯಾಂಡ್ಸಿನಲ್ಲಿ ಕಂಡಿದೆ. ಮಕ್ಕಳ ಪಾಲನೆಯ ಭತ್ಯೆ ಪಡೆಯುತ್ತಿದ್ದ ಸಾವಿರಾರು ಪೋಷಕರನ್ನು ಅಲ್ಲಿನ ತೆರಿಗೆ ಇಲಾಖೆ ಮೋಸಗಾರರು ಅಂತ ಮಾಡಿಬಿಟ್ಟಿತು. ಯಾರ ಮೇಲೆ ಅನುಮಾನ ಪಡಬೇಕು ಅಂತ ಆರಿಸುತ್ತಿದ್ದ ಕಂಪ್ಯೂಟರ್ ಲೆಕ್ಕಾಚಾರದಲ್ಲಿ ಪೌರತ್ವವೂ ಸೇರಿತ್ತು. ಮನೆಗಳು ಸಾಲದಲ್ಲಿ ಮುಳುಗಿದವು. ಕೊನೆಗೆ 2021ರ ಜನವರಿಯಲ್ಲಿ ಇಡೀ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನುವ ಬಹುಮಹಡಿ ವಸತಿ ಕಟ್ಟಡದ ನಿವಾಸಿಗಳು ಬೆಂಕಿಯ ಅಪಾಯದ ಬಗ್ಗೆ ಮೊದಲೇ ಎಚ್ಚರಿಸಿದ್ದರು. ಕಿರಿಕಿರಿ ಮಾಡುವವರು ಅಂತ ಅನ್ನಿಸಿಕೊಂಡರು. 2017ರ ಜೂನ್ 14ರ ನಸುಕಿನಲ್ಲಿ ಎದ್ದ ಬೆಂಕಿಗೆ 72 ಜನ ಬಲಿಯಾದರು. ಹೆದರಿಸಲು ಬರೆಯುತ್ತಿಲ್ಲ. ನಮ್ಮ ಮೂರು ಬ್ಲಾಕುಗಳಲ್ಲಿ ಬೆಂಕಿ ನಂದಿಸುವ ಪೈಪಿಗೆ ನೀರೇ ಬರುವುದಿಲ್ಲ. ಆ ದೂರು ಕೂಡ "ಪರಿಹಾರವಾಗಿದೆ."

ತಂತ್ರಜ್ಞಾನ ಬೇಡ ಅಂತ ನಾವು ಎಲ್ಲೂ ಹೇಳಿಲ್ಲ. ಕಾಗದದಲ್ಲೂ ದೂರು ತಗೊಳ್ಳಿ. ಕೌಂಟರಿನಲ್ಲಿ ಹೆಸರಿನ ಬಿಲ್ಲೆ ಹಾಕಿಕೊಂಡ ಒಬ್ಬ ಮನುಷ್ಯ ಕೂರಲಿ. ದೂರು ಹಾಕಿದವರು ಒಪ್ಪುವ ತನಕ ಅದನ್ನು ಮುಗಿಸುವ ಬಟನ್ ತಮ್ಮ ಸಿಬ್ಬಂದಿಯ ಕೈಯಲ್ಲಿ ಇರಬಾರದು.

ಈಗ ಎರಡನೇ ಹಂತ. ಇದೇ ನಕ್ಷೆ, ಇದೇ ಒಂದು ಕಿಟಕಿ, ಇದೇ ಮೀಟರ್ ಅಂತ ಕೇಳಿ ಬಂದಿದೆ. ಬಡವರಿಗೆ ಇಷ್ಟೇ ಸಾಧ್ಯ ಅನ್ನುವವರಿಗೆ ಆಸ್ಟ್ರಿಯಾದ ವಿಯೆನ್ನಾ ನಗರದ ಉತ್ತರ ಇದೆ. 1923ರಲ್ಲಿ ಆ ನಗರ ವಸತಿ ತೆರಿಗೆ ಹಾಕಿತು, ದೊಡ್ಡ ಬಂಗಲೆಯವರು ಎಷ್ಟೋ ಪಟ್ಟು ಜಾಸ್ತಿ ಕಟ್ಟಬೇಕಿತ್ತು. ಆ ಹಣದಲ್ಲಿ ಕಾರ್ಮಿಕರಿಗೆ ಮನೆಗಳಾದವು. 1930ರಲ್ಲಿ ತೆರೆದ ವಸತಿ ಸಮುಚ್ಚಯ ಕಾರ್ಲ್ ಮಾರ್ಕ್ಸ್ ಹಾಫ್‌ನಲ್ಲಿ 1,382 ಮನೆಗಳಿದ್ದವು. ಕಟ್ಟಡಕ್ಕೆ ಬಳಸಿದ್ದು ಜಾಗದ ಐದನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದು ಗಾಳಿ, ಮರ, ಅಂಗಳ. ಬಟ್ಟೆ ಒಗೆಯುವ ಮನೆ, ಶಿಶುವಿಹಾರ, ಗ್ರಂಥಾಲಯ ಎಲ್ಲಾ ಒಳಗೇ. ಜನ ಇಂದಿಗೂ ಅಲ್ಲಿ ವಾಸ ಮಾಡುತ್ತಿದ್ದಾರೆ. ಹಣ ಕಡಿಮೆ ಅನ್ನುವವರಿಗೆ ಚಿಲಿ ದೇಶದ ಇಕಿಕೆ ಊರು ಇದೆ. ಸುಮಾರು 100 ಕುಟುಂಬಗಳಿಗೆ ಪೂರ್ತಿ ಮನೆ ಕಟ್ಟಲು ಅನುದಾನ ಸಾಲಲಿಲ್ಲ. ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ಅವರ ತಂಡ 2004ರಲ್ಲಿ ಜನರ ಜತೆ ಕೂತು ಮಾತಾಡಿ, ಅರ್ಧ ಮನೆಯನ್ನು ಗಟ್ಟಿಯಾಗಿ ಕಟ್ಟಿ, ಉಳಿದರ್ಧ ಬೆಳೆಸಿಕೊಳ್ಳಲು ಜಾಗ ಬಿಟ್ಟುಕೊಟ್ಟಿತು. ನಮ್ಮಲ್ಲಿ ಬಾಲ್ಕನಿಗೆ ಒಂದು ಚಪ್ಪರ ಹಾಕಿದರೂ ದಂಡ.

ಆದ್ದರಿಂದ ಎರಡನೇ ಹಂತದ ನಕ್ಷೆಗೆ ಸಹಿ ಹಾಕುವ ಮೊದಲು ಮೊದಲ ಹಂತದ ನಾವು ಮತ್ತು ಅಲ್ಲಿಗೆ ಬರಲಿರುವವರು ಇರುವ ಸಭೆ ಕರೆಯಿರಿ. ಸಭೆ ಇಲ್ಲೇ, ತುದಿ ಮಹಡಿಯ ಒಂದು ಮನೆಯಲ್ಲಿ, ಮಧ್ಯಾಹ್ನ ನಡೆಯಲಿ. ಆ ಮನೆಯವರು ಒಪ್ಪಿದ್ದಾರೆ. ಬೆಂಕಿಯ ಪೈಪು ಮತ್ತು ರಾತ್ರಿ ಕಡಿತ ಈ ವಾರದ ಕೆಲಸ, ಅದಕ್ಕೆ ಸಭೆಯವರೆಗೆ ಕಾಯಬೇಡಿ. ಹದಿನೈದು ದಿನದಲ್ಲಿ ಲಿಖಿತ ಉತ್ತರ ಬಾರದಿದ್ದರೆ ಮುಂದಿನ ತಿಂಗಳಿಂದ ನಿರ್ವಹಣಾ ಶುಲ್ಕವನ್ನು ನಮ್ಮದೇ ಪ್ರತ್ಯೇಕ ಖಾತೆಯಲ್ಲಿ ಇಟ್ಟು, ಲೆಕ್ಕ ಸಿಕ್ಕ ದಿನ ಕಟ್ಟುತ್ತೇವೆ. ಉತ್ತರವನ್ನು ದಯವಿಟ್ಟು ಆ್ಯಪಿನಲ್ಲಿ ಕೊಡಬೇಡಿ.

ಇಂತಿ,
ಸಹಿ ಮಾಡಿರುವ ನಿವಾಸಿಗಳು

ಲಗತ್ತು: ಸಹಿಗಳ ಹಾಳೆಗಳು, ಹಿಂದಿನ ಪತ್ರಗಳ ಪ್ರತಿ, ಆಮ್ಲಜನಕ ಯಂತ್ರಕ್ಕೆ ವೈರ್ ಎಳೆದದ್ದಕ್ಕೆ ಬಂದ ನೋಟಿಸ್, ನೀರಿಲ್ಲದ ಬೆಂಕಿ ಪೈಪಿನ ಫೋಟೊ ಮತ್ತು ಅದು ಸರಿಯಾಗಿದೆ ಅಂತ ಆ್ಯಪ್ ಕಳಿಸಿದ ಸಂದೇಶ.