ಎಣ್ಣೆ ತೆಗೆದರೆ ಸಾಲದು, ಉಪ್ಪಿನ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿ ಎಣ್ಣೆಬಾವಿಯ ಕೊಳಕು ನೀರನ್ನೇ ಶುದ್ಧ ಮಾಡಿ ತೋಟಕ್ಕೆ ಹಾಯಿಸುತ್ತಾರಂತೆ, ಹಾಗಿದ್ದ ಮೇಲೆ ಕಾರ್ಖಾನೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಟ್ಟರೆ ತಪ್ಪೇನು ಎಂದು ನಮ್ಮ ಹಿರಿಯೂರು ಕಡೆ ಈಚೆಗೆ ಕೆಲವರು ಕೇಳುತ್ತಿದ್ದಾರೆ. ಬೋರ್‌ವೆಲ್ ಬತ್ತಿದವರ ಸಂಕಟ ನನಗೂ ಗೊತ್ತು, ನನ್ನ ದಾಳಿಂಬೆ ತೋಟವೂ ಇಲ್ಲೇ ಇದೆ. ಆದರೆ ನಿವೃತ್ತಿಯಾಗುವವರೆಗೂ ನಾನು ಗುಜರಾತಿನ ಮೆಹ್ಸಾಣಾ ಕಡೆ ಎಣ್ಣೆಬಾವಿ ನೀರು ಶುದ್ಧ ಮಾಡುವ ಘಟಕದ ಲ್ಯಾಬಿನಲ್ಲಿ ಇದ್ದವನು. ಅದಕ್ಕೇ ಈ ಪತ್ರ.

ಬಾವಿಯಿಂದ ಬರೀ ಎಣ್ಣೆ ಬರುವುದಿಲ್ಲ. ಪ್ರಪಂಚದ ಸರಾಸರಿ ನೋಡಿದರೆ ಒಂದು ಬ್ಯಾರೆಲ್ ಎಣ್ಣೆಯ ಜೊತೆ ಸುಮಾರು 3 ಬ್ಯಾರೆಲ್ ನೀರು ಬರುತ್ತದೆ. ಬಾವಿ ಹಳೆಯದಾದಷ್ಟೂ ನೀರು ಜಾಸ್ತಿ. ಅದರಲ್ಲಿ ಜಿಡ್ಡು, ಬೆಂಜೀನ್, ಭಾರ ಲೋಹಗಳು, ಕೆಲವು ಕಡೆ ರೇಡಿಯಂ ಕೂಡ ಇರುತ್ತದೆ. ಎಲ್ಲಕ್ಕಿಂತ ಜಾಸ್ತಿ ಇರುವುದು ಉಪ್ಪು.

ಜಿಡ್ಡು ತೆಗೆಯುವ ದಾರಿ ಎಲ್ಲರಿಗೂ ಗೊತ್ತಿರುವುದೇ. ನೀರನ್ನು ಟ್ಯಾಂಕಿನಲ್ಲಿ ನಿಲ್ಲಿಸಿದರೆ ಎಣ್ಣೆ ತೇಲುತ್ತದೆ, ಹಾಲಿನ ಕೆನೆಯ ಹಾಗೆ ಅದನ್ನು ತೆಗೆಯುತ್ತಾರೆ. ಆಮೇಲೆ ಆಲಂ ಹಾಕಿ ಗಸಿ ಕೂರಿಸಿ ಫಿಲ್ಟರ್‌ಗೆ ಬಿಡುತ್ತಾರೆ. ಈ ನೀರನ್ನು ಭೂಮಿ ಮೇಲೆ ಬಿಡಬೇಕಾದರೆ ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು ಜಿಡ್ಡು ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿದೆ. ಫಿಲ್ಟರ್ ದಾಟಿದ ನೀರು ಬಾಟಲಿಯಲ್ಲಿ ಪೂರ್ತಿ ತಿಳಿಯಾಗಿ ಕಾಣುತ್ತದೆ. ಅದನ್ನೇ ಗಾಜಿನ ಬಟ್ಟಲಿಗೆ ಹಾಕಿ ಹಾಟ್‌ಪ್ಲೇಟ್ ಮೇಲೆ ಇಡುತ್ತಿದ್ದೆವು. ನೀರು ಆರಿದ ಮೇಲೆ ತಳದಲ್ಲಿ ಬೆಳ್ಳಗೆ ಹಕ್ಕಳೆ ಕಟ್ಟಿರುತ್ತಿತ್ತು. ಉಗುರಿನಿಂದ ಕೆರೆದರೂ ಸುಲಭಕ್ಕೆ ಏಳುತ್ತಿರಲಿಲ್ಲ. ಆ ಉಪ್ಪನ್ನು ಆಲಂ, ಫಿಲ್ಟರ್ ಯಾವುದೂ ಮುಟ್ಟುವುದಿಲ್ಲ. ಆರ್‌ಒ ಬೇಕು, ಇಲ್ಲವೇ ನೀರನ್ನು ಆವಿ ಮಾಡಿ ಹಿಡಿಯಬೇಕು. ಖರ್ಚೆಲ್ಲ ಅಲ್ಲೇ. ಅಷ್ಟು ಮಾಡಿದ ಮೇಲೂ ಉಳಿದ ಗಟ್ಟಿ ಉಪ್ಪುನೀರನ್ನು ಎಲ್ಲಿ ಚೆಲ್ಲುವುದು?

ಅದಕ್ಕೇ ಹೆಚ್ಚಿನ ಕಡೆ ಈ ನೀರನ್ನು ಮತ್ತೆ ಭೂಮಿಯೊಳಗಿನ ಎಣ್ಣೆಯ ಪದರಕ್ಕೇ ಒತ್ತುತ್ತಾರೆ. ಒಳಗಿನ ಒತ್ತಡ ಉಳಿಯುತ್ತದೆ, ಇನ್ನಷ್ಟು ಎಣ್ಣೆ ಮೇಲೆ ಬರುತ್ತದೆ. ನನ್ನ ಪ್ರಕಾರ ಇದೇ ಒಳ್ಳೆಯ ಮರುಬಳಕೆ. ಅದರಲ್ಲೂ ಎಚ್ಚರ ಬೇಕು. ಅಮೆರಿಕದ ಓಕ್ಲಹೋಮಾದಲ್ಲಿ ಬೇರೆ ಆಳದ ಪದರಗಳಿಗೆ ವಿಪರೀತ ನೀರು ತುಂಬಿದ್ದರಿಂದ ಭೂಮಿ ನಡುಗತೊಡಗಿತು. 2016ರ ಸೆಪ್ಟೆಂಬರಿನಲ್ಲಿ ಅಲ್ಲಿ 5.8 ತೀವ್ರತೆಯ ಭೂಕಂಪವೇ ಆಯಿತು.

ಹಾಗಾದರೆ ತೋಟಕ್ಕೆ ಹಾಯಿಸುವುದು ಸುಳ್ಳಾ? ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ 1990ರ ದಶಕದಿಂದ ಬಾದಾಮಿ, ಪಿಸ್ತಾ, ಕಿತ್ತಳೆ ತೋಟಗಳಿಗೆ ಈ ನೀರು ಹೋಗುತ್ತಿದೆ. ಅಕ್ರೋಟಿನ ಚಿಪ್ಪಿನ ಫಿಲ್ಟರ್‌ನಲ್ಲಿ ಜಿಡ್ಡು ತೆಗೆದು, ಬೇರೆ ಒಳ್ಳೆಯ ನೀರಿನ ಜೊತೆ ಬೆರೆಸಿ ಕೊಡುತ್ತಾರೆ. ಅಲ್ಲಿನ ಎಣ್ಣೆಬಾವಿಯ ನೀರಿನಲ್ಲಿ ಮೊದಲಿಂದಲೇ ಉಪ್ಪು ಕಡಿಮೆ, ಅದು ಅವರ ಅದೃಷ್ಟ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ, ಎಷ್ಟೋ ಎಣ್ಣೆಬಾವಿಗಳಲ್ಲಿ ಅದಕ್ಕಿಂತ ಹಲವು ಪಟ್ಟು ಇರುತ್ತದೆ. ಓಮಾನಿನ ನಿಮ್ರ್‌ನಲ್ಲಿ ದಿನಕ್ಕೆ 10 ಕೋಟಿ ಲೀಟರಿಗೂ ಜಾಸ್ತಿ ನೀರು ಜೊಂಡಿನ ಮಡಿಗಳಲ್ಲಿ ಇಳಿಜಾರಿಗೆ ತಾನಾಗಿ ಹರಿಯುತ್ತದೆ. ಜೊಂಡಿನ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಎಣ್ಣೆಯನ್ನು ತಿಂದು ಮುಗಿಸುತ್ತವೆ. ಎಂಥಾ ಒಳ್ಳೆಯ ಕೆಲಸ ಅಲ್ವಾ? ಆದರೆ ಅಲ್ಲೂ ಉಪ್ಪು ಉಳಿಯುತ್ತದೆ. ಕೊನೆಗೆ ನೀರನ್ನು ದೊಡ್ಡ ಹೊಂಡಗಳಲ್ಲಿ ಬಿಸಿಲಿಗೆ ಒಣಗಿಸುತ್ತಾರೆ.

ಕೆರೆಗೆ ಬಿಡುವ ಕಾರ್ಖಾನೆ ನೀರಿಗೂ ಇದೇ ಪ್ರಶ್ನೆ ಕೇಳಬೇಕು, ಅದರಲ್ಲಿ ಉಪ್ಪು ಎಷ್ಟು? ನಮ್ಮ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ಒಮ್ಮೆ ಹೊಲಕ್ಕೆ ಬಂದ ಉಪ್ಪು ತೊಳೆದು ಹೋಗುವುದಿಲ್ಲ, ಮೇಲೆ ಬಂದು ಕೂರುತ್ತದೆ. ಸೌಳು ಹಿಡಿದ ಭೂಮಿ ಸರಿಯಾಗಲು ಎಷ್ಟು ವರ್ಷ ಬೇಕು ಎಂದು ಅನುಭವಿಸಿದ ರೈತರನ್ನು ಕೇಳಿ. ಫ್ಲೋರೈಡ್ ಕಾಟವಂತೂ ಜಿಲ್ಲೆಯಲ್ಲಿ ಮೊದಲೇ ಇದೆ.

ಮರುಬಳಕೆ ಬೇಡ ಎಂದು ನಾನು ಹೇಳುತ್ತಿಲ್ಲ, ಬೇಕೇ ಬೇಕು. ಆದರೆ ‘ಶುದ್ಧೀಕರಿಸಿದ ನೀರು’ ಎಂದು ಸುಮ್ನೆ ಬೋರ್ಡ್ ಹಾಕಿದರೆ ಆಗದು. ಯಾವುದೇ ನೀರು ಕೆರೆಗೆ ಬರುವ ಮೊದಲು ರೈತರ ಎದುರೇ ಮಾದರಿ ತೆಗೆಯಬೇಕು. ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನೂ ಜೊತೆಗೆ ಕರೆಯಬೇಕು. ಉಪ್ಪು, ಸೋಡಿಯಂ, ಬೋರಾನ್, ಜಿಡ್ಡು, ಫ್ಲೋರೈಡ್ ಎಷ್ಟಿದೆ ಎಂದು ಪ್ರತಿ ತಿಂಗಳೂ ಗ್ರಾಮ ಪಂಚಾಯಿತಿ ಗೋಡೆ ಮೇಲೆ ಕನ್ನಡದಲ್ಲಿ ಬರೆಯಬೇಕು. ಅಂಕಿ ಮಿತಿ ದಾಟಿದ ದಿನವೇ ತೂಬು ಮುಚ್ಚುವ ಅಧಿಕಾರ ಪಂಚಾಯಿತಿಗೆ ಇರಬೇಕು.

– ನಿವೃತ್ತ ಲ್ಯಾಬ್ ನೌಕರ, ಹಿರಿಯೂರು, ಚಿತ್ರದುರ್ಗ ಜಿಲ್ಲೆ